ಊರು ಬಿಟ್ಟು ಹಾಸನಕ್ಕೆ ಓದಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ಮಿಷನ್ ಶುರುವಾದ ದಿನಗಳಲ್ಲಿ ಹಾಸನದ ರೈಲ್ವೆ ಸ್ಟೇಷನ್‌ಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್‌ನಿಂದ ಇಳಿಯುವ ಹುಡುಗ ಹುಡುಗಿಯರ ಕೈಯಲ್ಲಿ ಒಂದು ಸೂಟ್‌ಕೇಸ್, ಸುತ್ತಿ ಕಟ್ಟಿದ ಹಾಸಿಗೆ, ಹೊಸ ಪ್ಲಾಸ್ಟಿಕ್ ಬಕೆಟ್. ಪಕ್ಕದಲ್ಲಿ ಅಪ್ಪ. ಕಲಬುರಗಿ, ಯಾದಗಿರಿ, ರಾಯಚೂರಿನಲ್ಲಿ ರಾತ್ರಿ ಹತ್ತಿದವರು ಮರುದಿನ ಇಲ್ಲಿ ಇಳಿಯುತ್ತಾರೆ. ನಾನೂ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವಳು. ನಾನು ಬಂದಾಗ ಈ ರೈಲು ಇರಲಿಲ್ಲ. ಬೆಂಗಳೂರಿನಿಂದ ಹಾಸನಕ್ಕೆ ನೇರ ಹಳಿ ತೆರೆದದ್ದೇ 2017ರಲ್ಲಿ. ಬೆಂಗಳೂರಿನಲ್ಲಿ ಇಳಿದು ಬಸ್ ಹಿಡಿದು ಬಂದಿದ್ದೆ. ಓದು ಮುಗಿಸಿ ಇಲ್ಲೇ ಪಾಠ ಮಾಡುತ್ತಿದ್ದೇನೆ. ವರ್ಷ ವರ್ಷವೂ ಹೊಸಬರು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಯಾರಿಗಾಗಿ ಬರೆದದ್ದು?

ಮನೆಯಿಂದ ದೂರ ಬಂದು ಹಾಸನದಲ್ಲಿ ಓದುತ್ತಿರುವ ಎಲ್ಲರಿಗೂ. ಇಂಥವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಸಂವಿಧಾನದ 371ಜೆ ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ರಾಜ್ಯದ ಬೇರೆ ಭಾಗದ ಕಾಲೇಜುಗಳಲ್ಲಿ ಶೇ. 8ರಷ್ಟು ಸೀಟು ಮೀಸಲಿದೆ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ ರಾಜಸ್ಥಾನದ ಹುಡುಗನೂ ಇರಬಹುದು, ಕೇರಳದ ಹುಡುಗಿಯೂ ಇರಬಹುದು. ಕಾರೇಕೆರೆಯ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, 1960ರಿಂದ ಇರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಹೇಮಗಂಗೋತ್ರಿಯ ಹಾಸನ ವಿಶ್ವವಿದ್ಯಾಲಯ, ಹೀಗೆ ಎಲ್ಲ ಕಡೆ ಹೊರಗಿನಿಂದ ಬಂದವರಿದ್ದಾರೆ.

ಇನ್ನೊಂದು ಗುಂಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳು. ಅಪ್ಪ ಅಮ್ಮ ಅಸ್ಸಾಮಿನಿಂದಲೋ ತಮಿಳುನಾಡಿನಿಂದಲೋ ಕೆಲಸಕ್ಕೆ ಬಂದವರು. ಬಸ್ಸಿನಲ್ಲಿ ಒಂದೆರಡು ಗಂಟೆ ದೂರವಷ್ಟೆ. ಆದರೆ ತೋಟದಿಂದ ಕಾಲೇಜಿನ ಕ್ಲಾಸ್‌ರೂಮಿಗೆ ಇರುವ ದೂರ ರಾಯಚೂರಿಗಿಂತ ಕಮ್ಮಿಯಲ್ಲ. ಅವರಿಗೂ ಇದು.

'ರೆಸಿಲಿಯನ್ಸ್' ಅಂತ ಎಲ್ಲರೂ ಹೇಳುತ್ತಾರೆ. ಹಾಗಂದರೆ ಏನು?

ಪುಸ್ತಕದಲ್ಲಿ 'ಪುಟಿದೇಳುವ ಗುಣ', 'ಚೇತರಿಕೆಯ ಶಕ್ತಿ' ಅಂತೆಲ್ಲ ಇದೆ. ನನಗೆ ಅದಕ್ಕಿಂತ ಹತ್ತಿರದ ಮಾತು ನಮ್ಮ ಮನೆಗಳಲ್ಲೇ ಇದೆ. ಬಿಸಿಲಲ್ಲಿ ನಡೆದು ಬಂದವರಿಗೆ ಏನಂತೀವಿ? 'ಸ್ವಲ್ಪ ಸುಧಾರಿಸ್ಕೊ.' ಅದೇ.

ಈ ಮಾತನ್ನು ಯಾರೂ ಸುಮ್ನೆ ಹೇಳುವುದಿಲ್ಲ, ಗಮನಿಸಿ. ಒಂದು ಚೊಂಬು ನೀರು ಕೊಟ್ಟು, ಚಾಪೆ ಹಾಸಿ, ಫ್ಯಾನ್ ಹಾಕಿ ಹೇಳುತ್ತಾರೆ. ಸುಧಾರಿಸಿಕೊಳ್ಳುವುದು ದಣಿದವರ ಕೆಲಸ. ನೀರು, ನೆರಳು ಕೊಡುವುದು ಸುತ್ತಲಿನವರ ಕೆಲಸ. ಎರಡೂ ಸೇರಿದರೇ ಅದು ಆಗುವುದು. ಕಷ್ಟವೇ ಆಗದಿರುವುದು, ಕಣ್ಣಲ್ಲಿ ನೀರು ಬಾರದಿರುವುದು ಗಟ್ಟಿತನ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅತ್ತ ಮೇಲೆ ಮುಖ ತೊಳೆದು ಮೆಸ್‌ಗೆ ಹೋಗಿ ಊಟ ಮಾಡಿ ಮರುದಿನ ಕ್ಲಾಸಿಗೆ ಹೋಗುವುದು ಗಟ್ಟಿತನ.

ಇದು ಹುಟ್ಟಿನಿಂದಲೇ ಬರುವ ಗುಣವೇ? ನನಗಂತೂ ಇದ್ದ ಹಾಗಿಲ್ಲ.

ಈ ಪ್ರಶ್ನೆ ಕೇಳುವವರಿಗೆ ನಾನು ಹವಾಯಿಯ ಕವಾಯಿ ದ್ವೀಪದ ಕಥೆ ಹೇಳುತ್ತೇನೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಹತ್ತಾರು ವರ್ಷ ಬೆನ್ನು ಹತ್ತಿ ನೋಡಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ, ಕಾಯಿಲೆ ಇವುಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬಾಳಿದರು. ಕೆಲವರ ಸ್ವಭಾವವೂ ಸಹಾಯಕ್ಕೆ ಬಂದಿತ್ತು, ನಿಜ. ಆದರೆ ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಒಂದು ಸಂಗತಿ: ಕಾಳಜಿ ಮಾಡುವ ಒಬ್ಬರಾದರೂ ದೊಡ್ಡವರು ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರೋ ಒಬ್ಬರು.

ಆಮೇಲೆ ಆನ್ ಮಾಸ್ಟನ್ ಎಂಬವರು 2001ರಲ್ಲಿ ಬರೆದ ಲೇಖನದಲ್ಲೂ ಇದೇ ಇದೆ. ಈ ಶಕ್ತಿ ಅಪರೂಪದ್ದೇನಲ್ಲ, ಮಾಮೂಲಿ ಸಂಗತಿಗಳಿಂದಲೇ ಬರುತ್ತದೆ ಅಂತ. ಜೊತೆಗಿರುವ ಜನ, ಕಲಿಯುವ ಆಸೆ, ದಿನಚರಿ. ನಿಮ್ಮಲ್ಲಿ ಇಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹಾಸನದಲ್ಲಿ ನಿಮಗೆ ಆ 'ಒಬ್ಬರು' ಯಾರು ಅಂತ ಹುಡುಕಿ. ಲೈಬ್ರರಿಯವರಿರಬಹುದು, ಮೆಸ್‌ನ ಅಕ್ಕ ಇರಬಹುದು, ಸೀನಿಯರ್ ಇರಬಹುದು. ನನಗೆ ಹಾಸ್ಟೆಲ್ ಗೇಟಿನ ಎದುರು ಹೂ ಕಟ್ಟುತ್ತಿದ್ದ ಒಬ್ಬರು ಅಜ್ಜಿ.

ಮೊದಲೆರಡು ವಾರ ಖುಷಿಯಾಗಿದ್ದೆ. ಈಗ ಎರಡನೇ ತಿಂಗಳು. ರಾತ್ರಿಯಾದರೆ ಅಳು ಬರುತ್ತದೆ. ನನಗೇನಾಗಿದೆ?

ಏನೂ ಆಗಿಲ್ಲ. ಊರು ನೆನಪಾಗಿದೆ.

ಮೊದಲು ಎಲ್ಲ ಹೊಸದು. ಹೊಸ ರೂಮು, ಹೊಸ ಗೆಳೆಯರು, ತಂಪು ಹವೆ. ಆಮೇಲೆ ಹೊಸದು ಹಳೆಯದಾಗುತ್ತದೆ, ಆದರೆ ಇನ್ನೂ ನಮ್ಮದಾಗಿರುವುದಿಲ್ಲ. ಆ ನಡುವಿನ ದಿನಗಳೇ ಕಷ್ಟ. 1955ರಲ್ಲಿ ಸ್ವೆರ್ರೆ ಲೀಸ್‌ಗಾರ್ಡ್ ಎಂಬ ಸಂಶೋಧಕರು ಅಮೆರಿಕಕ್ಕೆ ಹೋಗಿಬಂದ 200 ನಾರ್ವೆಯವರನ್ನು ಮಾತಾಡಿಸಿ ಇದನ್ನೇ ಬರೆದರು. ಮೊದಲು ಚೆನ್ನ, ನಡುವೆ ಕುಸಿತ, ಆಮೇಲೆ ಮತ್ತೆ ಚೇತರಿಕೆ. ಇಂಗ್ಲಿಷಿನ 'ಯು' ಅಕ್ಷರದ ಹಾಗೆ. ಎಲ್ಲರಿಗೂ ಇದೇ ಅಳತೆ ಅಲ್ಲ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಮೊದಲ ದಿನದಿಂದಲೇ ಕಷ್ಟ, ಕೆಲವರಿಗೆ ಕುಸಿತವೇ ಇಲ್ಲ. ಆದರೂ ನಡುವೆ ಒಂದು ತಗ್ಗು ಇರಬಹುದು ಅಂತ ಮೊದಲೇ ಗೊತ್ತಿದ್ದರೆ ಬಿದ್ದಾಗ ಗಾಬರಿ ಕಮ್ಮಿ.

ನನ್ನ ತಗ್ಗು ಬಂದದ್ದು ರೊಟ್ಟಿಯಿಂದ. ಅವ್ವ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಶೇಂಗಾ ಹಿಂಡಿ. ನಮ್ಮ ಊರಲ್ಲಿ ಆ ರೊಟ್ಟಿ ತಿಂಗಳಾದರೂ ಮುರಿದರೆ ಟಪ್ ಅನ್ನುತ್ತದೆ. ಹಾಸನದಲ್ಲಿ ಜಡಿಮಳೆ. ನಾಲ್ಕನೇ ದಿನ ಡಬ್ಬಿ ತೆಗೆದರೆ ರೊಟ್ಟಿ ಚರ್ಮದ ಹಾಗೆ ಮೆತ್ತಗೆ ಬಾಗಿತು. ವಾರದ ಹೊತ್ತಿಗೆ ಅಂಚಿನಲ್ಲಿ ಹಸಿರು ಬೂಸ್ಟು. ಹಗ್ಗದ ಮೇಲೆ ಹಾಕಿದ ಚೂಡಿದಾರ ಮೂರು ದಿನವಾದರೂ ಒಣಗಿರಲಿಲ್ಲ, ಅದರ ಮುಗ್ಗಲು ವಾಸನೆ. ಬಿಸಿಲು ಕಂಡು ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕುತ್ತ ಕೂತವಳು ಬೂಸ್ಟು ಹಿಡಿದ ರೊಟ್ಟಿ ಕೈಯಲ್ಲಿ ಹಿಡಿದು ಅತ್ತೆ. ಅತ್ತದ್ದು ರೊಟ್ಟಿಗಲ್ಲ ಅಂತ ಗೊತ್ತಲ್ವಾ.

ರೂಮ್‌ಮೇಟ್ ಚನ್ನರಾಯಪಟ್ಟಣದವಳು. ಅವಳು ಏನೂ ಕೇಳಲಿಲ್ಲ. ಕೆಳಗೆ ಹೋಗಿ ಮೆಸ್‌ನ ಅಕ್ಕನಿಗೆ ಹೇಳಿ, ಬೂಸ್ಟು ಹಿಡಿಯದ ನಾಲ್ಕು ರೊಟ್ಟಿ ಆರಿಸಿ ಕೆಂಡದ ಮೇಲೆ ಕಾಯಿಸಿಕೊಂಡು ಬಂದಳು. ಮತ್ತೆ ಗರಿಗರಿಯಾಗಿದ್ದವು. ಇಬ್ಬರೂ ಹಿಂಡಿ ಹಚ್ಚಿ ತಿಂದೆವು. ಅವತ್ತು ರಾತ್ರಿ ನಿದ್ದೆ ಬಂತು.

ನಾನು ಮಾತಾಡಿದರೆ ಕ್ಲಾಸಿನಲ್ಲಿ ನಗುತ್ತಾರೆ. ಮಾತಾಡುವುದನ್ನೇ ಬಿಟ್ಟಿದ್ದೇನೆ.

ಬಿಡಬೇಡಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ಉತ್ತರ ಕರ್ನಾಟಕದ ಮಕ್ಕಳು ಸುಮ್ಮನಾಗುವುದು ಇಲ್ಲಿಂದಲೇ.

ಕನ್ನಡ ಒಂದೇ ಅಂತ ಬಂದಿರುತ್ತೀರಿ. ಇಲ್ಲಿ ಬಂದರೆ 'ಹೌದ್ರಿ' ಅಂದರೆ ನಗು, 'ಎದಕ್ಕ' ಅಂದರೆ ನಗು. ಅವರಿಗೆ 'ತಿಂಡಿ ಆಯ್ತಾ?' ಅನ್ನುವುದು ಪ್ರೀತಿಯ ಮಾತು. ನಮ್ಮ ಕಡೆ ಜಗಳಕ್ಕೆ ಕಾಲು ಕೆರೆದು ಬರುವವನಿಗೆ 'ತಿಂಡಿ ಐತೇನ?' ಅಂತೀವಿ. ಬೆಳಗ್ಗೆ ಬೆಳಗ್ಗೆ ವಾರ್ಡನ್ ಮೇಡಂ ನಗುತ್ತಾ ಹಾಗೆ ಕೇಳಿದಾಗ ನಾನು ಏನು ತಪ್ಪು ಮಾಡಿದೆ ಅಂತ ಹೆದರಿ ನಿಂತಿದ್ದೆ. 'ನಾಷ್ಟಾ' ಅಂತ ಅರ್ಥವಾಗಲು ಎರಡು ದಿನ ಹಿಡಿಯಿತು.

ನಗುವವರಲ್ಲಿ ಎರಡು ಬಗೆ. ಹೊಸ ಮಾತು ಕೇಳಿದ ಖುಷಿಗೆ ನಗುವವರು ಜಾಸ್ತಿ. ಅವರಿಗೆ ಅರ್ಥ ಹೇಳಿ, ಅವರ ಮಾತನ್ನೂ ಕೇಳಿ. ಹಾಸನದ ಹಳ್ಳಿ ಕಡೆ 'ಹ' ಬಿಟ್ಟು 'ಆಲು', 'ಓಗು' ಅನ್ನುವವರಿದ್ದಾರೆ. ಅವರೂ ಬೆಂಗಳೂರಿಗೆ ಹೋದಾಗ ಇದೇ ನಗು ಕೇಳಿರುತ್ತಾರೆ. ಒಬ್ಬರಿಗೊಬ್ಬರು ಮಾತು ಕಲಿಸಿಕೊಂಡರೆ ವಾರದೊಳಗೆ ನಗು ಗೆಳೆತನವಾಗುತ್ತದೆ.

ಇನ್ನೊಂದು ಬಗೆ ನೋಯಿಸುವುದಕ್ಕೇ ನಗುವವರು. ದಿನಾ ಅಣಕಿಸುತ್ತಾರೆ, ಅಡ್ಡ ಹೆಸರು ಇಡುತ್ತಾರೆ, ನಿಲ್ಲಿಸಿ ಅಂದರೂ ನಿಲ್ಲಿಸುವುದಿಲ್ಲ. ಅಲ್ಲಿ ನೀವು ಹೊಂದಿಕೊಳ್ಳಬೇಕಾದದ್ದು ಏನೂ ಇಲ್ಲ. ಅದನ್ನು ಮೇಷ್ಟ್ರಿಗೆ ಹೇಳಬೇಕು.

ಕ್ಲಾಸಿನಲ್ಲಿ ಬಾಯಿ ಕಟ್ಟಿದೆ ಅನಿಸಿದರೆ ಮೊದಲು ಒಬ್ಬರ ಜೊತೆ ಮಾತಾಡಿ. ಆಮೇಲೆ ಲ್ಯಾಬಿನ ಬ್ಯಾಚಿನಲ್ಲಿ. ಆಮೇಲೆ ಕ್ಲಾಸಿನಲ್ಲಿ ವಾರಕ್ಕೆ ಒಂದು ಪ್ರಶ್ನೆ. ನಿಮ್ಮ ಮಾತನ್ನು ಬದಲಾಯಿಸಿಕೊಳ್ಳುವ ಅಗತ್ಯ ಇಲ್ಲ. ನಾನು ಇವತ್ತಿಗೂ ಪಾಠ ಮಾಡುವಾಗ ಇಲ್ಲಿಯ ಕನ್ನಡ, ಅವ್ವನ ಜೊತೆ ಫೋನಿನಲ್ಲಿ ನಮ್ಮ ಕನ್ನಡ. ಎರಡು ಸಿಕ್ಕಿತು, ಒಂದೂ ಹೋಗಲಿಲ್ಲ.

ನನಗೆ ಕನ್ನಡವೇ ಬರುವುದಿಲ್ಲ. ಹೇಗೆ?

(ಈ ಪ್ರಶ್ನೆಯನ್ನು ಹೊರ ರಾಜ್ಯದ ಮಕ್ಕಳು ಕೇಳುತ್ತಾರೆ. ಅವರಿಗೆ ಇದನ್ನು ಓದಿ ಹೇಳುವುದು ಅವರ ಕನ್ನಡದ ಗೆಳೆಯರ ಕೆಲಸ.)

ಎಂಜಿನಿಯರಿಂಗ್‌ನಲ್ಲಿ ಕನ್ನಡ ಬಾರದವರಿಗೆ 'ಬಳಕೆ ಕನ್ನಡ' ಅಂತ ಒಂದು ವಿಷಯವೇ ಇದೆ. ಮೆಡಿಕಲ್‌ನಲ್ಲಿ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗ ಇದೆ. ಅದನ್ನು ಪಾಸಾಗುವ ವಿಷಯ ಅಂತ ನೋಡಬೇಡಿ. ವಾರ್ಡಿನಲ್ಲಿ ಅರಕಲಗೂಡಿನ ಅಜ್ಜ 'ಹೊಟ್ಟೆ ಉಬ್ಬರ', 'ತಲೆ ಸುತ್ತು' ಅಂದಾಗ ಅರ್ಥವಾಗಬೇಕು. ದಿನಕ್ಕೆ ಐದು ಮಾತು ಸಾಕು. ಕಟ್ಟಿನಕೆರೆ ಮಾರ್ಕೆಟ್‌ಗೆ ಹೋಗಿ ಸೊಪ್ಪು ಮಾರುವವರ ಹತ್ತಿರ 'ಎಷ್ಟು?', 'ಸ್ವಲ್ಪ ಕಮ್ಮಿ ಮಾಡಿ' ಅಂತ ಶುರು ಮಾಡಿ. ತಪ್ಪು ಮಾತಾಡಿದರೂ ಅವರು ತಿದ್ದಿ ಕಳಿಸುತ್ತಾರೆ.

ಊಟವೇ ಸೇರುತ್ತಿಲ್ಲ.

ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಮುದ್ದೆ ಮೊದಲು ಗಂಟಲಲ್ಲಿ ನಿಲ್ಲುತ್ತದೆ. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಯಾರಾದರೂ ಪಕ್ಕ ಕೂತು ತೋರಿಸಿದರೆ ಬರುತ್ತದೆ. ಬಸ್ಸಾರಿನ ರುಚಿ ಹತ್ತಿದ ಮೇಲೆ ರಜೆಯಲ್ಲಿ ಅದನ್ನೇ ನೆನೆಸಿಕೊಳ್ಳುತ್ತೀರಿ.

ಊರಿನಿಂದ ರೊಟ್ಟಿ ತಂದರೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಮಳೆಗಾಲದಲ್ಲಿ ವಾರಕ್ಕಾಗುವಷ್ಟೇ ತನ್ನಿ. ಹಿಂಡಿ, ಚಟ್ನಿಪುಡಿ ಹೆಚ್ಚು ದಿನ ಬಾಳುತ್ತವೆ. ಊಟ ಬಿಡುವುದು ಮಾತ್ರ ಬೇಡ. ನಿದ್ದೆ ಮತ್ತು ಊಟ ಕೆಟ್ಟರೆ ಮನಸ್ಸು ಕೆಡುವುದು ಬಲು ಬೇಗ. ಮನಸ್ಸಿಗೆ ಏನೇನೋ ಉಪಾಯ ಹುಡುಕುವ ಮೊದಲು ನಾನು ಎಲ್ಲರನ್ನೂ ಕೇಳುವುದು 'ನಿನ್ನೆ ಎಷ್ಟು ಗಂಟೆಗೆ ಮಲಗಿದೆ, ಏನು ತಿಂದೆ' ಅಂತಲೇ.

ಮೊದಲ ಇಂಟರ್ನಲ್ಸ್‌ನಲ್ಲಿ ಫೇಲಾದೆ. ಈ ಜಾಗ ನನ್ನಂಥವರಿಗಲ್ಲ ಅನಿಸುತ್ತಿದೆ.

ನನಗೆ ಬಂದದ್ದು 25ಕ್ಕೆ 6. ಪಿಯುಸಿಯವರೆಗೆ ಕನ್ನಡದಲ್ಲಿ ಓದಿ ಡಿಗ್ರಿಯಲ್ಲಿ ತಡವರಿಸಿ ಬಂದವಳು. ಇಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಬೋರ್ಡ್ ತುಂಬಿಸುತ್ತಿದ್ದರು. ಪಕ್ಕದವರೆಲ್ಲ ತಲೆ ಆಡಿಸುತ್ತಿದ್ದರು. ಎಲ್ಲರಿಗೂ ತಿಳಿಯುತ್ತಿದೆ, ನನಗೊಬ್ಬಳಿಗೇ ಇಲ್ಲ ಅಂತ ನಂಬಿದ್ದೆ. ಉತ್ತರಪತ್ರಿಕೆ ಕೊಡುವಾಗ ಒಬ್ಬ ಉಪನ್ಯಾಸಕರು ಎಲ್ಲರ ಮುಂದೆ 'ನೀವೆಲ್ಲ ಯಾಕೆ ಇಷ್ಟು ದೂರ ಬರ್ತೀರಿ' ಅಂದರು. ಆ ಮಾತು ಎಷ್ಟೋ ದಿನ ಕಿವಿಯಲ್ಲಿತ್ತು.

ಈ 'ನಾನು ಇಲ್ಲಿಯವಳಲ್ಲ' ಎಂಬ ಅನುಮಾನದ ಮೇಲೆಯೇ ಅಮೆರಿಕದಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಒಂದು ಪ್ರಯೋಗ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಅನುಭವ ಓದಲು ಕೊಟ್ಟರು. ಶುರುವಿನಲ್ಲಿ ಎಲ್ಲರಿಗೂ ಹೀಗೇ ಅನಿಸುತ್ತದೆ, ದಿನ ಕಳೆದ ಹಾಗೆ ಕಮ್ಮಿಯಾಗುತ್ತದೆ ಎಂಬುದು ಅದರ ಸಾರ. ಓದಿದವರು ತಮ್ಮ ಅನುಭವವನ್ನೂ ಬರೆದರು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಆಮೇಲಿನ ಮೂರು ವರ್ಷದಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಗಳ ಅಂಕ ಏರಿತು. ಬಿಳಿಯ ವಿದ್ಯಾರ್ಥಿಗಳ ಜೊತೆಗಿದ್ದ ಅಂತರ ಅರ್ಧಕ್ಕೆ ಇಳಿಯಿತು.

ಒಂದು ಗಂಟೆಯಲ್ಲಿ ಯಾರೂ ಬುದ್ಧಿವಂತರಾಗಲಿಲ್ಲ. ಕಷ್ಟಕ್ಕೆ ಅವರು ಕೊಡುತ್ತಿದ್ದ ಅರ್ಥ ಬದಲಾಯಿತು. 'ನಾನು ದಡ್ಡ' ಎಂಬುದು 'ಇದು ಶುರುವಿನ ಕಷ್ಟ' ಅಂತಾಯಿತು. ಹಾಗೆ ಅರ್ಥವಾದವರು ಮೇಷ್ಟ್ರ ರೂಮಿನ ಬಾಗಿಲು ತಟ್ಟುತ್ತಾರೆ, ಗೆಳೆಯರನ್ನು ಕೇಳುತ್ತಾರೆ.

ಹಾಗಾಗಿ ಇವತ್ತೇ ಒಬ್ಬ ಸೀನಿಯರ್‌ನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: 'ನಿಮ್ಮ ಮೊದಲ ಇಂಟರ್ನಲ್ಸ್‌ನಲ್ಲಿ ಎಷ್ಟು ಬಂದಿತ್ತು?' ಉತ್ತರ ಕೇಳಿದರೆ ಎದೆ ಹಗುರಾಗುತ್ತದೆ. ಆಮೇಲೆ ಓದಿನ ಕೆಲಸ. ಇಂಗ್ಲಿಷಿನ ಪಾರಿಭಾಷಿಕ ಪದಗಳಿಗೆ ಒಂದು ಪುಟ್ಟ ನೋಟ್‌ಬುಕ್ ಮಾಡಿ. ಎಡಗಡೆ ಪದ, ಬಲಗಡೆ ಕನ್ನಡದಲ್ಲಿ ನಿಮಗೆ ತಿಳಿದ ಹಾಗೆ ಅರ್ಥ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಬರೆಯಿರಿ. ನನ್ನ ಆ ನೋಟ್‌ಬುಕ್ ಇನ್ನೂ ಇದೆ, ಈಗ ವಿದ್ಯಾರ್ಥಿಗಳು ಝೆರಾಕ್ಸ್ ಮಾಡಿಸಿಕೊಳ್ಳುತ್ತಾರೆ.

'ತಾಳಿದವನು ಬಾಳಿಯಾನು' ಅಂತ ಮನೆಯಲ್ಲಿ ಹೇಳುತ್ತಾರೆ. ಎಲ್ಲವನ್ನೂ ತಾಳಿಕೊಳ್ಳಬೇಕೇ?

ಇಲ್ಲ. ಮಳೆ ತಾಳಿಕೊಳ್ಳಿ. ಮೆಸ್‌ನ ನೀರು ಸಾರು ತಾಳಿಕೊಳ್ಳಿ. ಅವಮಾನ ತಾಳಿಕೊಳ್ಳಬೇಡಿ.

ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲೇ ನಿಯಮ ತಂದಿದೆ. ಊರಿನ, ಭಾಷೆಯ, ಜಾತಿಯ, ಬಣ್ಣದ ಹೆಸರಿನಲ್ಲಿ ಹಿಂಸಿಸುವುದೂ ಅದರಲ್ಲಿ ಸೇರುತ್ತದೆ. ಸಹಾಯವಾಣಿ 1800-180-5522, ದುಡ್ಡು ಬೀಳುವುದಿಲ್ಲ. ಜಾತಿ ಹಿಡಿದು ಅವಮಾನಿಸಿದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ವಿರುದ್ಧ 14566 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಈಶಾನ್ಯದ ಮಕ್ಕಳ ಮುಖ ನೋಡಿ ಹೆಸರು ಕೂಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದು ತಮಾಷೆ ಅಲ್ಲ. ಪಕ್ಕದಲ್ಲಿ ನಿಂತು ಸುಮ್ಮನಿದ್ದವರೂ ಅದರಲ್ಲಿ ಪಾಲುದಾರರು.

ಗಟ್ಟಿತನದ ಮಾತು ಆಡುವವರ ಮೇಲೆ ನನಗೆ ಒಂದೇ ಆಕ್ಷೇಪ. ಹಾಸ್ಟೆಲ್‌ನಲ್ಲಿ ನೀರಿಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಕ್ಲಾಸಿನಲ್ಲಿ ಹೀಯಾಳಿಸುತ್ತಾರೆ ಅಂತ ಮಗು ಹೇಳಿದಾಗ 'ನೀನು ಗಟ್ಟಿಯಾಗಬೇಕು' ಅಂದರೆ ತಪ್ಪು ಆ ಮಗುವಿನ ತಲೆಗೆ ಬರುತ್ತದೆ. ನೀರು ಬಿಡುವುದು ಹಾಸ್ಟೆಲ್‌ನವರ ಕೆಲಸ. ಹೀಯಾಳಿಸುವವರನ್ನು ನಿಲ್ಲಿಸುವುದು ಕಾಲೇಜಿನ ಕೆಲಸ. ತಪ್ಪನ್ನು ತಪ್ಪು ಅಂತ ಅರ್ಜಿ ಬರೆದು ಕೊಡುವುದೂ ಸುಧಾರಿಸಿಕೊಳ್ಳುವುದರ ಒಂದು ಭಾಗ.

ದುಡ್ಡಿನ ಚಿಂತೆಯಲ್ಲಿ ಓದಲು ಆಗುತ್ತಿಲ್ಲ.

ಚಿಂತೆ ಮನಸ್ಸಿನದಲ್ಲ, ಕಾಗದಪತ್ರದ್ದು. ಅದನ್ನು ಕಾಗದಪತ್ರದಿಂದಲೇ ಕಳೆಯಬೇಕು. ಕರ್ನಾಟಕದವರು ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿರಲಿ, ಆದಾಯ ಪತ್ರದ ಅವಧಿ ಮುಗಿದಿಲ್ಲವೇ ನೋಡಿ. ಆಧಾರ್ ಮತ್ತು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ದುಡ್ಡು ನಿಲ್ಲುವುದು ಹೆಚ್ಚಾಗಿ ಇಲ್ಲೇ. ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿ ಸೀಟು ಸಿಗದವರಿಗೆ ಊಟ ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ, ಕೇಳಿ.

ಬೇರೆ ರಾಜ್ಯದಿಂದ ಬಂದವರಿಗೆ ಒಂದು ಮಾತು. ಒಂದು ರಾಜ್ಯದ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಸ್ಕಾಲರ್‌ಶಿಪ್ ಅನ್ನು ನಿಮ್ಮ ಸ್ವಂತ ರಾಜ್ಯದಿಂದಲೇ ಪಡೆಯಬೇಕು. ತೋಟದ ಕಾರ್ಮಿಕರ ಮಕ್ಕಳಿಗೆ ಇದು ದೊಡ್ಡ ಗೋಜಲು, ಊರಿನ ಕಾಗದವೇ ಇರುವುದಿಲ್ಲ. ಪಿಯುಸಿ ಓದುವಾಗಲೇ ಇದನ್ನು ಹಿಡಿದು ಕೂತರೆ ಒಳ್ಳೆಯದು.

ಕರ್ನಾಟಕದ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬಸ್ಸು ಬದಲಿಸುತ್ತಾ ರಾಯಚೂರಿನವರೆಗೂ ಹೋಗಬಹುದು. ಬೆನ್ನು ನೋಯುತ್ತದೆ, ಆದರೆ ಚಾರ್ಜಿಗೆ ದುಡ್ಡಿಲ್ಲ ಅಂತ ಹಬ್ಬಕ್ಕೆ ಊರಿಗೆ ಹೋಗದೆ ಉಳಿಯಬೇಕಿಲ್ಲ.

ನಮ್ಮ ಊರಿನವರ ಜೊತೆಯೇ ಇರುತ್ತೇನೆ. ಅದು ತಪ್ಪೇ?

ತಪ್ಪಲ್ಲ. ನಮ್ಮವರ ಜೊತೆ ಇದ್ದಾಗ ಉಸಿರು ಸಲೀಸು. ಕೆನಡಾದ ಜಾನ್ ಬೆರಿ ಎಂಬ ಮನಶ್ಶಾಸ್ತ್ರಜ್ಞರು ವಲಸೆ ಬಂದವರ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ತಮ್ಮದನ್ನು ಬಿಟ್ಟು ಹೊಸದರಲ್ಲಿ ಕರಗಿ ಹೋಗುವವರು, ಹೊಸದನ್ನು ಮುಟ್ಟದೆ ತಮ್ಮದರಲ್ಲೇ ಉಳಿಯುವವರು, ಎರಡೂ ಕಡೆಯಿಂದ ಕಳಚಿಕೊಂಡವರು, ಎರಡನ್ನೂ ಹಿಡಿದುಕೊಂಡವರು ಅಂತ ನಾಲ್ಕು ದಾರಿ ಗುರುತಿಸಿದರು. ಸಾಮಾನ್ಯವಾಗಿ ಕೊನೆಯವರೇ ಹೆಚ್ಚು ನೆಮ್ಮದಿಯಾಗಿರುತ್ತಾರೆ. ರಾತ್ರಿ ಊಟ ನಿಮ್ಮವರ ಜೊತೆ ಮಾಡಿ. ಸಂಜೆ ಮಹಾರಾಜ ಪಾರ್ಕಿನ ಕಡೆ ಹೋಗುವಾಗ ಇಲ್ಲಿಯ ಒಬ್ಬರನ್ನು ಕರೆಯಿರಿ.

ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ. ಹಾಸ್ಟೆಲ್ ಖಾಲಿ. ಆ ದಿನಗಳನ್ನು ಕಳೆಯುವುದೇ ಕಷ್ಟ.

ನಿಜ. ಎರಡು ದಿನ ರಜೆ ಬಂದರೆ ಅರಸೀಕೆರೆಯವರು, ಹೊಳೆನರಸೀಪುರದವರು ಸಂಜೆಯೊಳಗೆ ಮನೆಯಲ್ಲಿ. ದೂರದವರಿಗೆ ಹೋಗಿ ಬರುವುದರಲ್ಲೇ ರಜೆ ಮುಗಿಯುತ್ತದೆ. ಕಾರಿಡಾರಿನಲ್ಲಿ ನಮ್ಮ ಚಪ್ಪಲಿ ಸದ್ದು ನಮಗೇ ಕೇಳುವಷ್ಟು ಮೌನ. ಮೆಸ್ ಕೂಡ ಅರ್ಧ ಮುಚ್ಚಿರುತ್ತದೆ.

ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಿ. ಉಳಿದವರು ಯಾರು ಅಂತ ಹಿಂದಿನ ದಿನವೇ ಕೇಳಿ, ಒಟ್ಟಿಗೆ ಊಟ ಮಾಡಿ. ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಊರಿಡೀ ಜನ. ಆ ಸಾಲಿನಲ್ಲಿ ನಾಲ್ಕು ಜನ ಸೇರಿ ನಿಂತರೆ ಊರು ನಿಮ್ಮದೂ ಆಗುತ್ತದೆ. ಯಾರಾದರೂ 'ನಮ್ಮನೆಗೆ ಬಾ' ಅಂದರೆ ಸಂಕೋಚ ಬೇಡ, ಹೋಗಿ. ಹಾಸನದವರಿಗೂ ಒಂದು ವಿನಂತಿ: ಹಬ್ಬಕ್ಕೆ ಹೊರಡುವ ಮುಂಚೆ ನಿಮ್ಮ ರೂಮ್‌ಮೇಟ್‌ಗೆ ಒಂದು ಮಾತು ಕೇಳಿ. ನಾನು ಮೊದಲ ದೀಪಾವಳಿ ಮಾಡಿದ್ದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಆ ಮನೆಯ ಅಮ್ಮ ನನಗೂ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದರು.

ನಾವು ತಂದೆ ತಾಯಿ. ದಿನಕ್ಕೆ ಎಷ್ಟು ಸಲ ಫೋನ್ ಮಾಡಬೇಕು?

ಎಷ್ಟು ಸಲ ಎಂಬುದಕ್ಕಿಂತ ಒಂದೇ ಹೊತ್ತಿಗೆ ಮಾಡುವುದು ಮುಖ್ಯ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. 'ಮಾರ್ಕ್ಸ್ ಎಷ್ಟು' ಅಂತ ಶುರು ಮಾಡಬೇಡಿ. ಮಗ ಅಥವಾ ಮಗಳು ಅತ್ತರೆ 'ವಾಪಸ್ ಬಂದುಬಿಡು' ಅನ್ನುವುದೂ ಬೇಡ, 'ಅಳಬೇಡ, ಎಷ್ಟು ಖರ್ಚು ಮಾಡಿದ್ದೇವೆ' ಅನ್ನುವುದೂ ಬೇಡ. ಕೇಳಿಸಿಕೊಳ್ಳಿ. ಮನೆಯ ಸುದ್ದಿ ಹೇಳಿ: ಎಮ್ಮೆ ಕರು ಹಾಕಿದ್ದು, ಹತ್ತಿಗೆ ಎಷ್ಟು ರೇಟ್ ಬಂತು. ಮಕ್ಕಳಿಗೆ ಬೇಕಾದದ್ದು ಅದು.

ಇದು ಬರೀ ಮನೆ ನೆನಪಲ್ಲ, ಜಾಸ್ತಿಯೇ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎರಡು ವಾರ ದಾಟಿದರೂ ದಿನವಿಡೀ ಬೇಸರ, ನಿದ್ದೆ ಇಲ್ಲ ಅಥವಾ ಏಳಲೇ ಮನಸ್ಸಿಲ್ಲ, ಊಟ ಬೇಡ, ಇಷ್ಟವಾಗಿದ್ದ ಯಾವುದೂ ಇಷ್ಟವಿಲ್ಲ, ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿದ್ದೀರಿ ಅಂತಾದರೆ ಡಾಕ್ಟರ್ ಅಥವಾ ಆಪ್ತ ಸಮಾಲೋಚಕರ ಹತ್ತಿರ ಹೋಗಿ. ಬದುಕಿರುವುದೇ ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ. ಆ ಕ್ಷಣವೇ ಪಕ್ಕದ ರೂಮಿನ ಬಾಗಿಲು ತಟ್ಟಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯರು ಹೀಗೆ ಹೇಳಿದರೆ ಒಂಟಿಯಾಗಿ ಬಿಡಬೇಡಿ. 'ಯಾರಿಗೂ ಹೇಳಬೇಡ' ಅಂತ ಆಣೆ ಹಾಕಿದ್ದರೂ ವಾರ್ಡನ್‌ಗೆ ಹೇಳಿ. ಆ ಒಂದು ಆಣೆ ಮುರಿಯಬಹುದು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು ಅಂತ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಅವರು ಯಾರು, ಯಾವ ರೂಮಿನಲ್ಲಿ ಕೂರುತ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ.

ಮೇಷ್ಟ್ರಾಗಿ ನಾವೇನು ಮಾಡಬಹುದು?

ಹೆಸರು ಸರಿಯಾಗಿ ಕಲಿಯಿರಿ. ಮೊದಲ ಇಂಟರ್ನಲ್ಸ್ ಆದ ಮೇಲೆ ಕಮ್ಮಿ ಬಂದವರನ್ನು ಒಬ್ಬೊಬ್ಬರಾಗಿ ಕರೆದು ಕೂರಿಸಿ ಮಾತಾಡಿ, ಕ್ಲಾಸಿನ ಮುಂದೆ ಅಲ್ಲ. ಎರಡು ದಿನ ಬಾರದವರಿಗೆ ಫೋನ್ ಮಾಡಿ. ಮೂರೂ ಸೇರಿ ವಾರಕ್ಕೆ ಒಂದು ಗಂಟೆ ಆಗಬಹುದು.

ರಜೆಗೆ ಊರಿಗೆ ಹೋದರೆ ಅಲ್ಲೂ ಏನೋ ಸರಿ ಇಲ್ಲ ಅನಿಸುತ್ತದೆ. ಇದೇನು?

ಅದೂ ಆಗುತ್ತದೆ. ಊರಲ್ಲಿ ಬಿಸಿಲು ತಡೆಯಲಾಗುವುದಿಲ್ಲ. ಗೆಳತಿಯರಿಗೆ ಮದುವೆಯಾಗಿರುತ್ತದೆ. ಮಾತಿನ ನಡುವೆ 'ಕಣೇ' ಅಂತ ಬಂದುಬಿಟ್ಟರೆ ತಮ್ಮ ನಗುತ್ತಾನೆ, 'ಹಾಸನದಾಕಿ ಬಂದ್ಲು' ಅಂತಾನೆ. ಮನೆಗೆ ಮರಳಿದಾಗಲೂ ಇನ್ನೊಂದು ಸಣ್ಣ ತಗ್ಗು ಇರುತ್ತದೆ ಅಂತ 1963ರಲ್ಲಿ ಗಲ್ಲಾಹಾರ್ನ್ ದಂಪತಿ ಬರೆದಿದ್ದಾರೆ. 'ಯು' ಎರಡು ಸಲ ಬಂದು 'ಡಬ್ಲ್ಯು' ಆಗುತ್ತದೆ. ನಾಲ್ಕಾರು ದಿನದಲ್ಲಿ ಸರಿಹೋಗುತ್ತದೆ.

ಈಗ ನಾನು ಊರಿಗೆ ಹೋಗುವಾಗ ಎರಡು ಕಿಲೋ ರಾಗಿ ಹಿಟ್ಟು ಒಯ್ಯುತ್ತೇನೆ. ಅವ್ವ ಮೊದಲು ಮೂಗು ಮುರಿಯುತ್ತಿದ್ದಳು. ಈಗ ಬೇಸಿಗೆಯಲ್ಲಿ ಅಂಬಲಿಗೆ ಅದೇ ಬೇಕು ಅಂತಾಳೆ. ವಾಪಸ್ ಬರುವಾಗ ರೊಟ್ಟಿ ಡಬ್ಬಿ ಇನ್ನೂ ಕೊಡುತ್ತಾಳೆ, ಮುಚ್ಚಳ ಬಿಗಿಯಾಗಿರುವ ಹೊಸ ಸ್ಟೀಲ್ ಡಬ್ಬಿ. ಈ ಸಲ ಬರುವವರು ಯಾರಿಗಾದರೂ ರೊಟ್ಟಿ ಬೇಕಾದರೆ ಬಂದು ಕೇಳಿ, ಕಾಯಿಸಿ ಕೊಡುತ್ತೇನೆ.